ಸ್ವಭಾವ, ಪ್ರೋತ್ಸಾಹ ಮತ್ತು ನಿಗಾ: ಬೀದರ ಸೀಮೆಯ ಕೆಲವು ನಿದರ್ಶನಗಳು

೧. ಪ್ರಸ್ತಾವನೆ

ಕೂಲಿಯನ್ನು ಹೆಚ್ಚಿಸಿದರೆ ಕೆಲಸವು ಹೆಚ್ಚುವುದು, ಕಾವಲನ್ನು ಬಿಗಿಗೊಳಿಸಿದರೆ ಮೈಗಳ್ಳತನವು ತಗ್ಗುವುದು ಎಂಬುದು ಲೋಕದಲ್ಲಿ ಬಹುಕಾಲದಿಂದ ನಡೆದುಬಂದಿರುವ ನಂಬಿಕೆ. ಅರಸನ ಮಂತ್ರಿಯಿಂದ ಮೊದಲಾಗಿ ಹೊಲದ ಒಡೆಯನವರೆಗೆ ಆಳುಗಳಿಂದ ಕೆಲಸ ತೆಗೆಯಬೇಕಾದವರೆಲ್ಲರೂ ಈ ಎರಡು ಉಪಾಯಗಳನ್ನೇ ನೆಚ್ಚಿಕೊಂಡು ಬಂದಿದ್ದಾರೆ. ಈ ನಂಬಿಕೆಯು ಪೂರ್ಣವಾಗಿ ಸುಳ್ಳೆಂದು ವಾದಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಆದರೆ ಒಂದೇ ಕೂಲಿ, ಒಂದೇ ಕಾವಲು ಇದ್ದಲ್ಲಿಯೂ ಒಬ್ಬನು ಹುರುಪುಗೊಳ್ಳುವನು, ಮತ್ತೊಬ್ಬನು ಮುನಿಯುವನು, ಮೂರನೆಯವನು ಯಾವ ವ್ಯತ್ಯಾಸವನ್ನೂ ತೋರದೆ ಹಿಂದಿನಂತೆಯೇ ದುಡಿಯುವನು. ಇದೂ ಎಲ್ಲರ ಅನುಭವಕ್ಕೆ ಬಂದ ಸಂಗತಿಯೇ ಆಗಿದೆ. ಈ ಭೇದಕ್ಕೆ ಕಾರಣವೇನು, ಉದ್ಯೋಗಿಯ ಸ್ವಭಾವಕ್ಕೆ ಇದರಲ್ಲಿ ಎಷ್ಟು ಪಾಲುಂಟು ಎಂಬುದನ್ನು ಇಲ್ಲಿ ವಿಚಾರಮಾಡಲಾಗುವುದು.

ಇದು ಅರ್ಥಶಾಸ್ತ್ರಜ್ಞರ ಪ್ರಶ್ನೆ, ಸಾಹಿತ್ಯದ ಅಧ್ಯಾಪಕರಿಗೆ ಇದರಿಂದ ಏನಾಗಬೇಕು ಎಂದು ವಾಚಕರು ಕೇಳಬಹುದು. ಶಾಲೆ ಕಾಲೇಜುಗಳ ಬಾಗಿಲಲ್ಲಿ ಬೆರಳಚ್ಚಿನ ಯಂತ್ರವನ್ನು ನಿಲ್ಲಿಸಿ ಹಾಜರಿಯನ್ನು ಬರೆದುಕೊಳ್ಳುವ ಕಾಲವಿದು. ಪರೀಕ್ಷೆಯಲ್ಲಿ ತೇರ್ಗಡೆಯಾದವರ ಸಂಖ್ಯೆಯಿಂದ ಉಪಾಧ್ಯಾಯನ ಯೋಗ್ಯತೆಯನ್ನು ಅಳೆಯುವ ಪದ್ಧತಿಯೂ ಬಲಗೊಂಡಿದೆ. ಹೀಗಿರುವಲ್ಲಿ ನಾವು ನೋಡುವವರಷ್ಟೇ ಅಲ್ಲ, ನೋಡಲ್ಪಡುವವರೂ ಹೌದು. ಮೇಲಾಗಿ, ದುಡಿಮೆಯ ಅಂತರಂಗವನ್ನು ಕುರಿತು ಕನ್ನಡದಲ್ಲಿ ನಡೆದ ಅತ್ಯಂತ ಗಾಢವಾದ ಚಿಂತನೆಯು ಇಂದಿನ ಬೀದರ ಜಿಲ್ಲೆಗೆ ಸೇರಿದ ಕಲ್ಯಾಣದಲ್ಲಿಯೇ ನಡೆಯಿತು. ಆ ಸೀಮೆಯ ಚರಿತ್ರೆಯೂ ಈ ಪ್ರಶ್ನೆಗೆ ಹಲವು ನಿದರ್ಶನಗಳನ್ನು ಒದಗಿಸುತ್ತದೆ. ಆದುದರಿಂದ ಬೀದರ, ಭಾಲ್ಕಿ, ಔರಾದಗಳ ಸುತ್ತಣ ಸಂಗತಿಗಳನ್ನು ಇತ್ತೀಚಿನ ಪ್ರಯೋಗಗಳ ಪಕ್ಕದಲ್ಲಿಟ್ಟು ನೋಡುವುದು ಅಪ್ರಸ್ತುತವಾಗಲಾರದು.

೨. ಪರಿಭಾಷೆ

ಮೊದಲು ಶಬ್ದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯ. ಕೆಲಸದ ಪ್ರಮಾಣವನ್ನೋ ಗುಣವನ್ನೋ ಅನುಸರಿಸಿ ಕೊಡುವ ಹಣ, ಬಡ್ತಿ, ಮನ್ನಣೆ ಮೊದಲಾದವುಗಳನ್ನು ಇಲ್ಲಿ ಪ್ರೋತ್ಸಾಹವೆಂದು ಕರೆದಿದೆ. ಕೆಲಸವು ನಡೆಯಿತೇ ಇಲ್ಲವೇ ಎಂದು ತಿಳಿಯಲು ಒಡೆಯನು ಇಟ್ಟುಕೊಳ್ಳುವ ಸಾಧನಗಳಿಗೆಲ್ಲ ನಿಗಾ ಎಂಬ ಹೆಸರನ್ನು ಬಳಸಿದೆ. ಲೆಕ್ಕದ ಪುಸ್ತಕ, ತಪಾಸಣೆ, ಹಾಜರಿ, ಯಂತ್ರ ಇವೆಲ್ಲವೂ ನಿಗಾದೊಳಗೆ ಬರುವುವು.

ಸ್ವಭಾವವೆಂದರೆ ಮನುಷ್ಯನ ನಡತೆಯಲ್ಲಿ ಸನ್ನಿವೇಶದಿಂದ ಸನ್ನಿವೇಶಕ್ಕೆ ಬಹುಮಟ್ಟಿಗೆ ಬದಲಾಗದೆ ಉಳಿಯುವ ಒಲವು. ಮನಶ್ಶಾಸ್ತ್ರಜ್ಞರು ಈಗ ಸಾಮಾನ್ಯವಾಗಿ ಇದನ್ನು ಐದು ಮುಖಗಳಲ್ಲಿ ಅಳೆಯುತ್ತಾರೆ. ಹೊಸತಿಗೆ ತೆರೆದ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಉದ್ವೇಗಶೀಲತೆ ಎಂಬುವೇ ಆ ಐದು. ಇವುಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುವು ಎರಡು. ಹಿಡಿದ ಕೆಲಸವನ್ನು ಯಾರ ಒತ್ತಾಯವೂ ಇಲ್ಲದೆ ಕ್ರಮವಾಗಿ ಮುಗಿಸುವ ಗುಣವು ಕರ್ತವ್ಯನಿಷ್ಠೆ. ಅಲ್ಪಕಾರಣಕ್ಕೂ ಕಳವಳಗೊಳ್ಳುವ, ಸೋಲನ್ನು ಮುಂಚಿತವಾಗಿಯೇ ಕಲ್ಪಿಸಿಕೊಂಡು ಕುಗ್ಗುವ ಗುಣವು ಉದ್ವೇಗಶೀಲತೆ. ಈ ಗುಣಗಳು ಒಬ್ಬನಲ್ಲಿ ಇವೆ, ಇನ್ನೊಬ್ಬನಲ್ಲಿ ಇಲ್ಲ ಎನ್ನುವಂಥವಲ್ಲ. ಎಲ್ಲರಲ್ಲಿಯೂ ಹೆಚ್ಚು ಕಡಿಮೆಯಾಗಿ ಇರುವುವು.

೩. ಕಲ್ಯಾಣದ ಅಂಗಳ

ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ವೃತ್ತಾಂತವು ವಾಚಕರಿಗೆ ಪರಿಚಿತವಾದುದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಕಾಯಕದ ಹೊತ್ತು ಮೀರುತ್ತಿದೆಯೆಂದು ಲಕ್ಕಮ್ಮನು ಎಚ್ಚರಿಸುವಳು. ಅವನು ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುವನು. ಆಕೆಯು ಅದನ್ನು ಕಂಡು ಮೆಚ್ಚುವುದಿಲ್ಲ. ದಿನದ ಅಗತ್ಯಕ್ಕೆ ಮೀರಿದುದು ತಮ್ಮದಲ್ಲವೆಂದು ತಿಳಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳುವಳು. ಶೂನ್ಯಸಂಪಾದನೆಯಲ್ಲಿಯೂ ಈ ದಂಪತಿಗಳ ಪ್ರಸಂಗಕ್ಕೆ ಸ್ಥಾನ ದೊರೆತಿದೆ.

ಈ ಪ್ರಸಂಗವನ್ನು ಭಕ್ತಿಯ ದೃಷ್ಟಿಯಿಂದ ವಿವರಿಸಿದವರು ಅನೇಕರು. ನಮ್ಮ ಪ್ರಶ್ನೆಯ ದೃಷ್ಟಿಯಿಂದ ಅದರಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಅಂಗಳವೊಂದೇ, ಅಕ್ಕಿಯೊಂದೇ, ಅಡ್ಡಿಮಾಡುವವರೂ ಇಲ್ಲ. ಹೆಚ್ಚು ದೊರೆಯುವ ಅವಕಾಶವು ಮಾರಯ್ಯನ ಕೈಯನ್ನು ಚುರುಕುಗೊಳಿಸಿತು. ಅದೇ ಅವಕಾಶವು ಲಕ್ಕಮ್ಮನಿಗೆ ಎಚ್ಚರಿಕೆಯಾಗಿ ಕಂಡಿತು. ಒಂದೇ ಪ್ರೋತ್ಸಾಹವು ಇಬ್ಬರಿಗೆ ಎರಡು ಅರ್ಥಗಳನ್ನು ಕೊಟ್ಟಿತು. ಎರಡನೆಯದಾಗಿ, ಇಲ್ಲಿ ನಿಗಾ ಇಲ್ಲವೆಂದು ಹೇಳುವಂತಿಲ್ಲ. ಲಕ್ಕಮ್ಮನೇ ನಿಗಾ ಇಟ್ಟವಳು. ಅವಳು ಗಂಡನನ್ನು ಎರಡು ಸಲ ತಿದ್ದುತ್ತಾಳೆ, ಕೆಲಸ ತಪ್ಪಿದಾಗ ಒಮ್ಮೆ, ಕೆಲಸ ಮಿತಿಮೀರಿದಾಗ ಇನ್ನೊಮ್ಮೆ. ಮಾರಯ್ಯನು ಎರಡನ್ನೂ ಸಿಡುಕದೆ ಒಪ್ಪಿಕೊಳ್ಳುವನು. ತಿದ್ದುವವಳು ಅದೇ ಕಾಯಕದಲ್ಲಿ ಪಾಲುಗೊಂಡವಳಾದುದರಿಂದ ಆಕೆಯ ಕಣ್ಣು ಅವನಿಗೆ ಸಂದೇಹದ ಕಣ್ಣಾಗಿ ತೋರಲಿಲ್ಲವೆಂದು ತಿಳಿಯಬೇಕು. ಪ್ರೋತ್ಸಾಹವನ್ನೂ ನಿಗಾವನ್ನೂ ಉದ್ಯೋಗಿಯು ಒಂದು ವಾಕ್ಯವನ್ನು ಓದುವಂತೆ ಓದಿಕೊಳ್ಳುತ್ತಾನೆ. ಆ ಓದು ಅವನ ಸ್ವಭಾವವನ್ನೂ ಬರೆದವರ ಮೇಲಣ ಅವನ ವಿಶ್ವಾಸವನ್ನೂ ಅನುಸರಿಸಿರುವುದು. ಈ ಲೇಖನದ ಮುಖ್ಯ ಪ್ರತಿಪಾದನೆಯು ಇದೇ ಆಗಿದೆ.

೪. ಬೀದರ: ಮಹಮೂದ್ ಗಾವಾನನ ಸುಧಾರಣೆ

ಕಾಯಕಜೀವಿಗಳ ಅಂಗಳದಿಂದ ಈಗ ಅರಸರ ಆಸ್ಥಾನಕ್ಕೆ ಬರೋಣ. ಬೀದರ ನಗರದಲ್ಲಿ ಇಂದಿಗೂ ಅರ್ಧ ಕುಸಿದು ನಿಂತಿರುವ ಮದರಸವು ೧೪೭೨ರಲ್ಲಿ ಮುಗಿದುದು. ಅದನ್ನು ಕಟ್ಟಿಸಿದ ಮಹಮೂದ್ ಗಾವಾನನು ಪರ್ಶಿಯದ ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕಾಗಿ ಬಂದು ಬಹಮನಿ ರಾಜ್ಯದ ಮುಖ್ಯಮಂತ್ರಿಯಾದವನು. ವಿದ್ಯಾಸಂಸ್ಥೆಯ ಸ್ಥಾಪಕನೆಂದು ಅವನ ಹೆಸರು ಪ್ರಸಿದ್ಧವಾಗಿದೆ. ಆದರೆ ರಾಜ್ಯದ ಅಧಿಕಾರಿಗಳ ವೇತನ, ತಪಾಸಣೆಗಳನ್ನು ಕುರಿತು ಅವನು ಮಾಡಿದ ಏರ್ಪಾಡುಗಳು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾಗಿವೆ.

ಬಹಮನಿ ರಾಜ್ಯವು ಆರಂಭದಿಂದ ನಾಲ್ಕು ತರಫುಗಳಾಗಿ, ಎಂದರೆ ಪ್ರಾಂತಗಳಾಗಿ ವಿಭಾಗವಾಗಿತ್ತು. ಪ್ರತಿಯೊಂದಕ್ಕೂ ಒಬ್ಬ ತರಫದಾರನು. ಅಲ್ಲಿನ ಕೋಟೆಗಳೂ ಸೈನ್ಯವೂ ಕಂದಾಯವೂ ಅವನ ವಶದಲ್ಲಿಯೇ ಇರುತ್ತಿದ್ದುವು. ಗಾವಾನನು ನಾಲ್ಕನ್ನು ಎಂಟಾಗಿ ಒಡೆದನು. ವರಾಡವು ಗಾವಿಲ, ಮಾಹೂರಗಳಾಗಿಯೂ, ದೌಲತಾಬಾದವು ದೌಲತಾಬಾದ, ಜುನ್ನರಗಳಾಗಿಯೂ, ಗುಲಬರ್ಗವು ಗುಲಬರ್ಗ, ವಿಜಾಪುರಗಳಾಗಿಯೂ, ತೆಲಂಗಾಣವು ರಾಜಮಹೇಂದ್ರಿ, ವಾರಂಗಲ್ಲುಗಳಾಗಿಯೂ ವಿಭಜನೆಯಾದುವು. ಪ್ರತಿಯೊಬ್ಬ ತರಫದಾರನ ಕೈಯಲ್ಲಿ ಒಂದೇ ಕೋಟೆಯನ್ನು ಬಿಟ್ಟು ಉಳಿದುವುಗಳಿಗೆ ಸುಲ್ತಾನನೇ ನೇರವಾಗಿ ಅಧಿಕಾರಿಗಳನ್ನು ನೇಮಿಸತೊಡಗಿದನು. ಭೂಮಿಯ ಅಳತೆಯೂ ನಡೆಯಿತು. ಇದರ ಜೊತೆಗೆ ಸೈನಿಕರನ್ನು ಇಡಬೇಕಾದ ಸರದಾರರ ವೇತನವನ್ನು ಹೆಚ್ಚಿಸಿ, ಗೊತ್ತಾದ ಸಂಖ್ಯೆಗಿಂತ ಕಡಿಮೆ ಜನರನ್ನು ಇಟ್ಟಲ್ಲಿ ಅಷ್ಟು ಪಾಲಿನ ಹಣವನ್ನು ಬೊಕ್ಕಸಕ್ಕೆ ಮರಳಿಸಬೇಕೆಂಬ ನಿಯಮವನ್ನು ತಂದನು. ಒಂದು ಕೈಯಿಂದ ಪ್ರೋತ್ಸಾಹ, ಇನ್ನೊಂದು ಕೈಯಿಂದ ನಿಗಾ. ಆಧುನಿಕ ಆಡಳಿತಶಾಸ್ತ್ರವು ಹೇಳುವುದೂ ಬಹಳಮಟ್ಟಿಗೆ ಇದನ್ನೇ.

ಏರ್ಪಾಡು ತರ್ಕಬದ್ಧವಾಗಿತ್ತು. ಪರಿಣಾಮವಾದರೋ ಎಲ್ಲರಲ್ಲಿ ಒಂದೇ ಬಗೆಯಾಗಿ ತೋರಲಿಲ್ಲ. ತೆಲಂಗಾಣವನ್ನು ಇಡಿಯಾಗಿ ಬಯಸಿದ್ದ ಮಲಿಕ್ ಹಸನ್ ನಿಜಾಮುಲ್‌ಮುಲ್ಕನು ರಾಜಮಹೇಂದ್ರಿಯೊಂದಕ್ಕೆ ತೃಪ್ತನಾಗಬೇಕಾಯಿತು. ಅವನು ಇದನ್ನು ಅಪಮಾನವೆಂದು ಬಗೆದನು. ಗಾವಾನನ ಮುದ್ರೆಯನ್ನು ಕಾಯುವವನನ್ನು ಒಳಗೆ ಹಾಕಿಕೊಂಡು, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿ, ಒಡಿಸ್ಸಾದ ಅರಸನಿಗೆ ಬರೆದ ರಾಜದ್ರೋಹದ ಪತ್ರವನ್ನು ಸೃಷ್ಟಿಸಿದ ಒಳಸಂಚಿನಲ್ಲಿ ಅವನೇ ಪ್ರಧಾನನೆಂದು ಚರಿತ್ರಕಾರರು ಹೇಳುತ್ತಾರೆ. ೧೪೮೧ರ ಏಪ್ರಿಲ್ ೫ರಂದು ಕೊಂಡಪಲ್ಲಿಯ ಬಳಿಯ ಪಾಳೆಯದಲ್ಲಿ ಮೂರನೆಯ ಮಹಮ್ಮದ ಷಾಹನ ಅಪ್ಪಣೆಯಂತೆ ವೃದ್ಧಮಂತ್ರಿಯ ತಲೆ ಉರುಳಿತು. ಮರುವರ್ಷವೇ ಸುಲ್ತಾನನೂ ತೀರಿಕೊಂಡನು.

ವರಾಡದ ಫತೇವುಲ್ಲಾ ಇಮಾದುಲ್‌ಮುಲ್ಕನ ಪ್ರಾಂತವೂ ಇದೇ ರೀತಿಯಾಗಿ ಎರಡು ಪಾಲಾಯಿತು. ಮಾಹೂರವು ಅವನ ಕೈತಪ್ಪಿ ಖುದಾವಂದಖಾನನಿಗೆ ಸೇರಿತು. ಮಲಿಕ್ ಹಸನನಂತೆ ಇವನೂ ದಕ್ಷಿಣದವನೇ, ಪರದೇಶದಿಂದ ಬಂದವನಲ್ಲ. ವಿಜಯನಗರದ ಸೀಮೆಯ ಕನ್ನಡಿಗ ಕುಲದಲ್ಲಿ ಹುಟ್ಟಿ ಬಾಲ್ಯದಲ್ಲಿ ಸೆರೆಸಿಕ್ಕವನೆಂದು ಫಿರಿಶ್ತನು ತನ್ನ ಚರಿತ್ರೆಯಲ್ಲಿ ಹೇಳುತ್ತಾನೆ. ನಷ್ಟವು ಸಮಾನ, ಪಕ್ಷವೂ ಸಮಾನ. ಆದರೂ ಗಾವಾನನ ವಧೆಯಾದ ಮೇಲೆ ಇಮಾದುಲ್‌ಮುಲ್ಕನೂ ಖುದಾವಂದಖಾನನೂ ತಮ್ಮ ದಂಡುಗಳೊಡನೆ ಸುಲ್ತಾನನ ಪಾಳೆಯದಿಂದ ದೂರಸರಿದು ಬೇರೆಯಾಗಿ ಬೀಡುಬಿಟ್ಟರೆಂದೂ, ಅಂಥ ಮಂತ್ರಿಗೇ ಈ ಗತಿಯಾದ ಮೇಲೆ ತಮ್ಮ ಪಾಡೇನೆಂದು ಶಂಕಿಸಿದರೆಂದೂ ಅದೇ ಚರಿತ್ರೆಯಿಂದ ತಿಳಿದುಬರುತ್ತದೆ. ಒಬ್ಬನು ನಿಗಾ ಇಟ್ಟವನನ್ನೇ ಕೊಲ್ಲಿಸಿದನು. ಇನ್ನೊಬ್ಬನು ಅವನ ಸಾವಿನಿಂದ ರಾಜ್ಯದ ಮೇಲಣ ವಿಶ್ವಾಸವನ್ನೇ ಕಳೆದುಕೊಂಡನು.

ಐದುನೂರು ವರ್ಷಗಳ ಹಿಂದಣ ಜನರ ಸ್ವಭಾವವನ್ನು ಅಳೆಯುವ ಕೋಲು ನಮ್ಮಲ್ಲಿಲ್ಲ. ಮಲಿಕ್ ಹಸನನ ನಡತೆಗೆ ಮಹತ್ವಾಕಾಂಕ್ಷೆಯೊಂದೇ ಕಾರಣವೆಂದೂ ಹೇಳಲಾಗದು. ದಕ್ಷಿಣದವರು, ಪರದೇಶದವರು ಎಂಬ ಹಳೆಯ ದ್ವೇಷವು ಅದಕ್ಕೆ ಎಣ್ಣೆ ಎರೆದಿತ್ತು. ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು: ಗಾವಾನನ ನಿಯಮಗಳು ಎಲ್ಲ ಸರದಾರರನ್ನೂ ಒಂದೇ ಅಚ್ಚಿನವರೆಂದು ಭಾವಿಸಿದುವು. ಮಿತವ್ಯಯದ ಜೀವನವನ್ನು ನಡೆಸಿದ ಅವನು ತನಗೆ ಸಹಜವಾದುದು ಇತರರಿಗೂ ಸಹ್ಯವಾಗುವುದೆಂದು ನಂಬಿದನೋ ಏನೋ. ನಿಗಾ ಇಡುವವನ ಸ್ವಭಾವವೂ ಈ ಲೆಕ್ಕದಲ್ಲಿ ಸೇರುವುದೆಂಬುದನ್ನು ಇದರಿಂದ ತಿಳಿಯಬಹುದಾಗಿದೆ.

೫. ಕರ್ನಾಟಕದ ಪ್ರಯೋಗಗಳು

ಚರಿತ್ರೆಯು ಸೂಚಿಸಿದುದನ್ನು ಪ್ರಯೋಗಗಳು ಎಷ್ಟರಮಟ್ಟಿಗೆ ಸ್ಥಾಪಿಸುತ್ತವೆಯೆಂಬುದನ್ನು ಇನ್ನು ನೋಡಬೇಕು. ಸುದೈವದಿಂದ ಅವುಗಳಲ್ಲಿ ಮುಖ್ಯವಾದುದೊಂದು ನಮ್ಮ ನಾಡಿನಲ್ಲಿಯೇ ನಡೆದಿದೆ. ಗ್ರಾಮಾಂತರ ಕರ್ನಾಟಕದಲ್ಲಿ ಹೆರಿಗೆ ಮಾಡಿಸುವ ವೈದ್ಯರೊಡನೆ, ತಾಯಂದಿರ ಆರೋಗ್ಯವು ಉತ್ತಮಗೊಂಡಂತೆ ಹೆಚ್ಚು ಹಣ ಕೊಡುವ ಒಪ್ಪಂದವನ್ನು ಸಂಶೋಧಕರು ಮಾಡಿಕೊಂಡರು. ಅದೇ ವೈದ್ಯರ ಸ್ವಭಾವವನ್ನೂ ಪ್ರಶ್ನಾವಳಿಗಳಿಂದ ಅಳೆದರು. ಡೊನಾಟೊ, ಮಿಲ್ಲರ್, ಮೋಹನನ್ ಮೊದಲಾದ ಐವರು ೨೦೧೭ರಲ್ಲಿ ಪ್ರಕಟಿಸಿದ ಫಲಿತಾಂಶವು ಹೀಗಿದೆ: ಕರ್ತವ್ಯನಿಷ್ಠೆ ಹೆಚ್ಚಾಗಿದ್ದವರ ಕೆಲಸವು ಇತರರಿಗಿಂತ ಉತ್ತಮವಾಗಿತ್ತು; ಆದರೆ ಪ್ರೋತ್ಸಾಹಧನದಿಂದ ಅವರಲ್ಲಿ ಉಂಟಾದ ಸುಧಾರಣೆಯು ಇತರರಿಗಿಂತ ಕಡಿಮೆ. ಉದ್ವೇಗಶೀಲತೆ ಹೆಚ್ಚಾಗಿದ್ದವರಲ್ಲಿಯೂ ಪ್ರೋತ್ಸಾಹದ ಫಲವು ಕಡಿಮೆಯಾಗಿಯೇ ಕಂಡಿತು.

ಈ ಎರಡು ಗುಂಪಿನವರೂ ಹಣಕ್ಕೆ ಅಷ್ಟಾಗಿ ಓಗೊಡಲಿಲ್ಲ. ಕಾರಣಗಳು ಮಾತ್ರ ಬೇರೆಬೇರೆ ಇರಬೇಕೆಂದು ಊಹಿಸಲು ಅವಕಾಶವಿದೆ. ನಿಷ್ಠಾವಂತನು ಹಣವು ಬೇಡುವುದನ್ನು ಮೊದಲೇ ಮಾಡುತ್ತಿದ್ದನು. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತಾಯಿತು. ಉದ್ವಿಗ್ನನಿಗಾದರೋ ಬಹುಮಾನದ ಆಸೆಯೊಡನೆ ಅದು ತಪ್ಪಿಹೋಗುವ ಭಯವೂ ಬಂದು ಕೈ ನಡುಗಿಸಿರಬಹುದು. ಹೊರಗಿನಿಂದ ಲೆಕ್ಕವಿಡುವವನಿಗೆ ಇಬ್ಬರೂ ಪ್ರೋತ್ಸಾಹಕ್ಕೆ ಮಣಿಯದವರೆಂದು ಒಂದೇ ಸಾಲಿನಲ್ಲಿ ಕಾಣುವರು. ಒಬ್ಬನಿಗೆ ಹಣವು ಅನಾವಶ್ಯಕ, ಇನ್ನೊಬ್ಬನಿಗೆ ಅದು ಭಾರ ಎಂಬ ಭೇದವು ಲೆಕ್ಕದ ಪುಸ್ತಕದಲ್ಲಿ ಮೂಡುವುದಿಲ್ಲ.

ನಿಗಾದ ವಿಷಯದಲ್ಲಿಯೂ ಕರ್ನಾಟಕದಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳಚ್ಚಿನ ಹಾಜರಿಯನ್ನು ತಂದು ಅದರ ಪರಿಣಾಮವನ್ನು ಧಾಲಿವಾಲ್ ಮತ್ತು ಹನ್ನಾ ಎಂಬವರು ಪರಿಶೀಲಿಸಿದರು. ದಾದಿಯರು, ಔಷಧ ಕೊಡುವವರು ಮೊದಲಾದ ಸಿಬ್ಬಂದಿಯ ಹಾಜರಿಯು ಹೆಚ್ಚಿತು. ವೈದ್ಯರ ಹಾಜರಿಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇಲ್ಲಿ ಸ್ವಭಾವಕ್ಕಿಂತ ಸ್ಥಾನಮಾನದ ಬಲವೇ ಹೆಚ್ಚಾಗಿರಬೇಕು. ಬಿಟ್ಟುಹೋದರೆ ಬೇರೊಬ್ಬರು ದೊರೆಯುವುದು ಕಷ್ಟವೆಂದು ತಿಳಿದಿರುವ ಉದ್ಯೋಗಿಯ ಮೇಲೆ ಯಂತ್ರದ ಆಜ್ಞೆಯು ನಡೆಯದು.

ಸ್ವಭಾವ ಮತ್ತು ನಿಗಾಗಳ ಸಂಬಂಧವನ್ನು ನೇರವಾಗಿ ತೋರಿಸಿದುದು ಪಾಕಿಸ್ತಾನದ ಪಂಜಾಬಿನಲ್ಲಿ ನಡೆದ ಪ್ರಯೋಗ. ಕ್ಯಾಲನ್, ಗುಲ್ಜಾರ್ ಮೊದಲಾದವರು ೨೦೧೫ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಆರೋಗ್ಯ ಕೇಂದ್ರಗಳನ್ನು ತಪಾಸಣೆ ಮಾಡುವ ಅಧಿಕಾರಿಗಳ ಮೇಲೆ ನಿಗಾ ಹೆಚ್ಚಿಸಿದಾಗ, ಮೇಲೆ ಹೇಳಿದ ಐದು ಗುಣಗಳ ಅಳತೆಯಲ್ಲಿ ಮೇಲಿದ್ದವರೇ ಅದಕ್ಕೆ ಹೆಚ್ಚಾಗಿ ಓಗೊಟ್ಟರು. ಇದು ಕರ್ನಾಟಕದ ಫಲಿತಾಂಶಕ್ಕೆ ವಿರುದ್ಧವೆಂದು ಮೊದಲ ನೋಟಕ್ಕೆ ತೋರುವುದು. ಅಲ್ಲಿ ಉತ್ತಮರು ಕಡಿಮೆ ಬದಲಾದರು, ಇಲ್ಲಿ ಉತ್ತಮರೇ ಹೆಚ್ಚು ಬದಲಾದರು. ವಿಚಾರಿಸಿ ನೋಡಿದರೆ ಎರಡಕ್ಕೂ ಹೊಂದಿಕೆಯುಂಟು. ಹೆರಿಗೆಯ ಮನೆಯಲ್ಲಿ ಮಾಡಬೇಕಾದುದೇನೆಂಬುದು ನಿಷ್ಠಾವಂತನಿಗೆ ಕಣ್ಣೆದುರಿಗೇ ಇರುವುದು. ನರಳುವ ತಾಯಿಯೇ ಅವನಿಗೆ ಸಾಕಾದ ನಿಗಾ. ಊರೂರಿಗೆ ಹೋಗಿ ತಪಾಸಣೆ ನಡೆಸಬೇಕಾದ ಅಧಿಕಾರಿಯ ಸ್ಥಿತಿ ಹಾಗಲ್ಲ. ಅವನ ಕೆಲಸವನ್ನು ಯಾರೂ ಓದದೆ ಇದ್ದ ಕಾಲದಲ್ಲಿ ಅವನ ಸದ್ಗುಣವೂ ಮಂಕಾಗಿ ಮಲಗಿರಬಹುದು. ಯಾರೋ ಓದುವರೆಂದು ತಿಳಿದೊಡನೆ ಅದು ಎಚ್ಚೆತ್ತಿತು. ನಿಗಾ ಎಂಬುದು ದುರ್ಜನರಿಗೆ ಮಾತ್ರ ಬೇಕಾದುದೆಂಬ ನಮ್ಮ ಸಾಮಾನ್ಯ ಭಾವನೆಯನ್ನು ಈ ಸಂಗತಿಯು ತಿದ್ದುತ್ತದೆ.

೬. ಭಾಲ್ಕಿಯ ಫಲಕ, ಔರಾದದ ಹಾಜರಿ

ಇದುವರೆಗೆ ನಿಗಾದ ಕಣ್ಣಿಗೆ ಬಿದ್ದುದು ನಿಜವಾದ ಕೆಲಸವೇ ಎಂದು ಭಾವಿಸಿಕೊಂಡು ಬಂದೆವು. ಹಾಗಿಲ್ಲದ ಸಂದರ್ಭಗಳೂ ಉಂಟು. ನಿಜಾಮರ ಆಳ್ವಿಕೆಯಲ್ಲಿ ಬೀದರ ಜಿಲ್ಲೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಆಡಳಿತದ ಭಾಷೆಯು ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಕನ್ನಡದಲ್ಲಿ ಪಾಠ ಹೇಳುವುದಕ್ಕೆ ಸರ್ಕಾರದ ಒಲವಿರಲಿಲ್ಲ. ಅಂಥ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಪಾಠವನ್ನು ನಡೆಸಿದುದು ಆ ಸೀಮೆಯಲ್ಲಿ ಮನೆಮಾತಾಗಿದೆ. ಅವರು ಹುಟ್ಟಿದ ಊರು ಕಮಲನಗರ. ಅದು ಬಹುಕಾಲ ಔರಾದ ತಾಲ್ಲೂಕಿಗೆ ಸೇರಿದ್ದು ಈಗ ಬೇರೆ ತಾಲ್ಲೂಕಿನ ಕೇಂದ್ರವಾಗಿದೆ.

ಫಲಕವನ್ನು ನೋಡಿ ಲೆಕ್ಕ ಬರೆದುಕೊಳ್ಳುವ ತಪಾಸಕನ ದೃಷ್ಟಿಯಿಂದ ಈ ಶಾಲೆಯು ನಿಯಮಬದ್ಧವಾದುದು. ಒಳಗೆ ಬಂದು ಪಾಠವನ್ನು ಕೇಳುವವನ ದೃಷ್ಟಿಯಿಂದ ಅದು ನಿಯಮವನ್ನು ಮೀರಿದುದು. ಮಕ್ಕಳ ದೃಷ್ಟಿಯಿಂದಲೋ, ಆ ಸೀಮೆಯಲ್ಲಿ ಕನ್ನಡವು ಉಳಿಯಲು ಆಧಾರವಾದುದು. ಬಹುಮಾನದ ಆಸೆಯಿಲ್ಲದ, ಶಿಕ್ಷೆಯ ಭಯಕ್ಕೆ ಬಗ್ಗದ ದೃಢಸ್ವಭಾವವು ನಿಗಾವನ್ನು ಎದುರಿಸಿದಾಗ ಅದು ನಿಗಾಕ್ಕೆ ಬೇಕಾದುದನ್ನು ಹೊರಗೆ ಕೊಟ್ಟು ತನ್ನ ಕಾರ್ಯವನ್ನು ಒಳಗೆ ನಡೆಸುವುದು. ಮರೆಮಾಚುವವರೆಲ್ಲರೂ ಮೈಗಳ್ಳರಲ್ಲವೆಂಬುದನ್ನು ಮರೆಯಬಾರದು.

ಈಗ ಇದರ ಪಕ್ಕದಲ್ಲಿ ಇತ್ತೀಚಿನ ಒಂದು ಸಂಗತಿಯನ್ನು ಇಡೋಣ. ಮಹಾತ್ಮಾ ಗಾಂಧಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿಯಲ್ಲಿ ಕೆಲಸ ಮಾಡುವವರ ಹಾಜರಿಯನ್ನು ಮೊಬೈಲ್ ಫೋನಿನಿಂದ ದಿನಕ್ಕೆ ಎರಡು ಸಲ ಫೋಟೋ ತೆಗೆದು ಕಳುಹಿಸುವ ಕ್ರಮವು ೨೦೨೩ರ ಜನವರಿ ೧ರಿಂದ ದೇಶದಲ್ಲೆಲ್ಲ ಕಡ್ಡಾಯವಾಯಿತು. ಔರಾದದ ಕೆರೆಯ ಹೂಳೆತ್ತುವ ಹೆಂಗಸಿಗೂ ಭಾಲ್ಕಿಯ ಬದು ಕಟ್ಟುವ ಮುದುಕನಿಗೂ ಇದೇ ನಿಯಮ. ಎರಡೂವರೆ ವರ್ಷಗಳ ತರುವಾಯ, ೨೦೨೫ರ ಜುಲೈ ತಿಂಗಳಿನಲ್ಲಿ, ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯವೇ ರಾಜ್ಯಗಳಿಗೆ ಪತ್ರ ಬರೆದು ಈ ಕ್ರಮದ ದುರುಪಯೋಗಗಳನ್ನು ಎಣಿಸಿ ಹೇಳಬೇಕಾಯಿತು. ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರಗಳು, ಫೋಟೋದ ಫೋಟೋಗಳು, ಚಿತ್ರದಲ್ಲಿರುವ ತಲೆಗಳಿಗೂ ಪಟ್ಟಿಯಲ್ಲಿರುವ ಹೆಸರುಗಳಿಗೂ ಹೊಂದಿಕೆಯಿಲ್ಲದಿರುವುದು ಇವೇ ಮೊದಲಾದುವು ಅದರಲ್ಲಿದ್ದುವು. ಇತ್ತ ಫೋನಿನ ಸಂಪರ್ಕ ಸಿಗದೆ ನಿಜವಾಗಿ ದುಡಿದವರ ಹಾಜರಿ ತಪ್ಪಿತೆಂಬ ದೂರುಗಳೂ ದೇಶದ ಹಲವೆಡೆಗಳಿಂದ ಬಂದುವು.

ಭಾಲ್ಕಿಯ ಫಲಕವೂ ಫೋಟೋದ ಫೋಟೋವೂ ನಿಗಾದ ದೃಷ್ಟಿಯಿಂದ ಒಂದೇ. ಹೊರಗಿನ ಗುರುತನ್ನು ಕೇಳಿದಾಗ ಹೊರಗಿನ ಗುರುತು ಸಿಕ್ಕಿತು. ನೀತಿಯ ದೃಷ್ಟಿಯಿಂದ ಇವೆರಡರ ನಡುವೆ ಅಜಗಜಾಂತರವಿದೆ. ಈ ಅಂತರವನ್ನು ಯಂತ್ರವು ಅರಿಯದು; ಹತ್ತಿರವಿದ್ದು ನೋಡುವ ಮನುಷ್ಯನು ಮಾತ್ರ ಅರಿಯಬಲ್ಲನು. ಕರ್ನಾಟಕದಲ್ಲಿ ಆ ಯೋಜನೆಯ ಕೂಲಿಕಾರರ ಗುಂಪಿನ ಮುಂದಾಳುವಿಗೆ ಕಾಯಕ ಬಂಧು ಎಂಬ ಹೆಸರನ್ನು ಇಟ್ಟರು. ಹೆಸರನ್ನು ಇಟ್ಟವರು ಲಕ್ಕಮ್ಮನನ್ನು ನೆನೆದಿದ್ದರೋ ಇಲ್ಲವೋ, ಆ ಶಬ್ದದಲ್ಲಿ ಅಡಗಿರುವ ಆದರ್ಶವು ಅವಳದೇ: ಜೊತೆಯಲ್ಲಿ ದುಡಿಯುವವನೇ ನೋಡತಕ್ಕವನು. ಬಂಧುವಿನ ಕೈಗೆ ಫೋನನ್ನು ಕೊಟ್ಟು ಫೋಟೋ ಕಳುಹಿಸುವುದೇ ಅವನ ಮುಖ್ಯ ಕೆಲಸವಾದಾಗ ಆ ಆದರ್ಶವು ಎಷ್ಟು ಉಳಿಯಿತೆಂಬುದನ್ನು ವಾಚಕರೇ ಊಹಿಸಬಹುದು.

೭. ಎರಡು ಆಕ್ಷೇಪಗಳು

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಎರಡಕ್ಕೆ ಸಮಾಧಾನ ಹೇಳುವುದು ಅವಶ್ಯ. ಹಣವೂ ನಿಗಾವೂ ಕೂಡಿದಲ್ಲಿ ಸ್ವಭಾವವನ್ನು ಲೆಕ್ಕಿಸದೆಯೇ ಫಲ ದೊರೆತಿದೆಯಲ್ಲ ಎಂಬುದು ಮೊದಲನೆಯದು. ರಾಜಸ್ಥಾನದ ಉದಯಪುರ ಸೀಮೆಯ ಏಕೋಪಾಧ್ಯಾಯ ಶಾಲೆಗಳಲ್ಲಿ ಡುಫ್ಲೋ, ಹನ್ನಾ, ರಯನ್ ಎಂಬವರು ನಡೆಸಿದ ಪ್ರಯೋಗವು ಇದಕ್ಕೆ ಉತ್ತಮ ಆಧಾರ. ಉಪಾಧ್ಯಾಯರು ದಿನವೂ ಮಕ್ಕಳೊಡನೆ ತಮ್ಮ ಚಿತ್ರವನ್ನು ಕ್ಯಾಮರಾದಲ್ಲಿ ತೆಗೆಸಬೇಕು, ಬಂದ ದಿನಗಳನ್ನು ಅನುಸರಿಸಿ ಸಂಬಳ ಪಡೆಯಬೇಕು ಎಂಬ ಏರ್ಪಾಡಿನಿಂದ ಗೈರುಹಾಜರಿಯು ನೂರಕ್ಕೆ ೪೨ರಿಂದ ೨೧ಕ್ಕೆ ಇಳಿಯಿತೆಂದು ೨೦೧೨ರಲ್ಲಿ ಅವರು ಪ್ರಕಟಿಸಿದರು. ಮಕ್ಕಳ ಕಲಿಕೆಯೂ ಹೆಚ್ಚಿತು. ಇದನ್ನು ಅಲ್ಲಗಳೆಯಲು ಬಾರದು. ಆದರೆ ಅದು ಸರಾಸರಿಯ ಮಾತು. ಸರಾಸರಿಯಲ್ಲಿ ಒಳ್ಳೆಯದಾದ ನಿಯಮವು ಒಬ್ಬೊಬ್ಬರಲ್ಲಿಯೂ ಒಳ್ಳೆಯದಾಯಿತೆಂದು ಅದರಿಂದ ಸಿದ್ಧವಾಗುವುದಿಲ್ಲ. ಅಮೆರಿಕದ ದೂರವಾಣಿ ಕಚೇರಿಗಳಲ್ಲಿ ನಾಗಿನ್ ಮೊದಲಾದವರು ನಡೆಸಿ ೨೦೦೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲೆಕ್ಕತನಿಖೆಯನ್ನು ಸಡಿಲಗೊಳಿಸಿದಾಗ ನೌಕರರಲ್ಲಿ ಒಂದು ಭಾಗವು ಮೋಸಕ್ಕೆ ಇಳಿಯಿತು. ಉಳಿದವರು ಅವಕಾಶವಿದ್ದರೂ ಇಳಿಯಲಿಲ್ಲ. ಒಡೆಯನು ತಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳುವನೆಂದು ಬಗೆದವರಲ್ಲಿ ಮೋಸವು ಕಡಿಮೆಯಾಗಿತ್ತು.

ಹಾಗಾದರೆ ನೇಮಕದ ಕಾಲದಲ್ಲಿಯೇ ಸ್ವಭಾವವನ್ನು ಪರೀಕ್ಷಿಸಿ ನಿಷ್ಠಾವಂತರನ್ನೇ ಆರಿಸಿಕೊಂಡರೆ ಸಾಲದೇ ಎಂಬುದು ಎರಡನೆಯ ಆಕ್ಷೇಪ. ಈ ಉಪಾಯವು ಸುಲಭವೂ ಅಪಾಯಕರವೂ ಆಗಿದೆ. ಪ್ರಶ್ನಾವಳಿಗೆ ಉದ್ಯೋಗವು ಗಂಟುಬಿದ್ದಾಗ ಎಲ್ಲರೂ ನಿಷ್ಠಾವಂತರಾಗಿಯೇ ಉತ್ತರಿಸುವರು. ಅದೂ ಒಂದು ಉರ್ದು ಫಲಕವಾಗುವುದು. ಮೇಲಾಗಿ ಸಭೀತಸ್ವಭಾವದವನನ್ನು ಹೊರಗಿಟ್ಟರೆ ನ್ಯಾಯವೂ ಆಗದು, ಲಾಭವೂ ಆಗದು. ಭಯವಿಲ್ಲದ ಕಡೆಯಲ್ಲಿ ಅವನು ಎಲ್ಲರಂತೆಯೇ ಕೆಲಸ ಮಾಡಬಲ್ಲನು. ಸ್ವಭಾವದ ಜ್ಞಾನವು ಜನರನ್ನು ಸೋಸುವುದಕ್ಕಿಂತ ನಿಯಮಗಳನ್ನು ತಿದ್ದುವುದಕ್ಕೆ ಹೆಚ್ಚು ಉಪಯುಕ್ತ.

೮. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಅ೦ಶಗಳನ್ನು ಸಂಗ್ರಹಿಸಿ ಹೇಳಬಹುದು. ನಿಷ್ಠಾವಂತರಿಗೆ ಪ್ರೋತ್ಸಾಹಧನದಿಂದ ಆಗುವ ಪ್ರಯೋಜನವು ಅಲ್ಪ. ಆದರೆ ಅವರ ಕೆಲಸವನ್ನು ಯಾರಾದರೂ ಓದಬೇಕೆಂಬ ಅಪೇಕ್ಷೆಯು ಅವರಿಗೂ ಉಂಟು. ಉದ್ವೇಗಶೀಲರಿಗೆ ಬಹುಮಾನವನ್ನು ದೊಡ್ಡದು ಮಾಡುವುದಕ್ಕಿಂತ ಸೋಲಿನ ಭಯವನ್ನು ಚಿಕ್ಕದು ಮಾಡುವುದು ಹಿತ. ಅವಕಾಶ ನೋಡಿ ನಡೆಯುವವರಿಗೆ ನಿಗಾ ಬೇಕೇ ಬೇಕು. ಆದರೆ ಅವರಿಗಾಗಿ ಹೂಡಿದ ನಿಗಾವು ಉಳಿದವರಿಗೆ ಸಂದೇಹದ ಮಾತಾಗಿ ಕೇಳದಂತೆ ಎಚ್ಚರವಿರಬೇಕು. ಗಾವಾನನ ನಿಯಮಗಳಲ್ಲಿ ಇಲ್ಲದೆ ಹೋದುದು ಈ ಮೂರನೆಯ ಎಚ್ಚರವೇ ಆಗಿದೆ.

ಅಧ್ಯಾಪಕರಾದ ನಮಗೆ ಇದು ದೂರದ ಮಾತಲ್ಲ. ತರಗತಿಯಲ್ಲಿ ಒಬ್ಬ ಹುಡುಗನು ಮೊದಲ ಸಲ ಒಂದು ಹಳಗನ್ನಡ ಪದ್ಯದ ಅರ್ಥವನ್ನು ತಾನಾಗಿ ಬಿಡಿಸಿದ ಗಳಿಗೆಯು ಯಾವ ಹಾಜರಿಯ ಯಂತ್ರದಲ್ಲಿಯೂ ದಾಖಲಾಗದು. ಅದನ್ನು ಗುರುತಿಸಬಲ್ಲವನು ಪಕ್ಕದ ತರಗತಿಯಲ್ಲಿ ಅದೇ ಪಾಠವನ್ನು ಹೇಳುವ ಸಹೋದ್ಯೋಗಿ. ಶಾಲೆಯ ನಿಗಾದಲ್ಲಿ ಯಂತ್ರದ ಜೊತೆಗೆ ಅವನಿಗೂ ಒಂದು ಸ್ಥಾನವಿರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಾಗದು. ಕಲ್ಯಾಣದ ಅಂಗಳದಲ್ಲಿ ಮಾರಯ್ಯನು ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಲು ಹೋದುದು ಅಂಥ ಒಬ್ಬ ಸಹಭಾಗಿಯ ಮಾತಿನಿಂದ.